ಮನೆಮಾತಿನ ಪದ, ಶಾಸ್ತ್ರದ ಅರ್ಥ: ಜೈನ ನ್ಯಾಯದ ಪರಿಭಾಷೆ

ಜೈನ ದರ್ಶನದ ಬಹುಪಾಲು ಪಾರಿಭಾಷಿಕ ಪದಗಳು ಕನ್ನಡಿಗರ ಕಿವಿಗೆ ಹೊಸವಲ್ಲ. ಪ್ರಮಾಣ, ಅನುಮಾನ, ಪಕ್ಷ, ಸಾಧ್ಯ, ನಯ, ದ್ರವ್ಯ, ಪರ್ಯಾಯ, ಧರ್ಮ, ಸಮಯ, ವ್ಯವಹಾರ ಇವೆಲ್ಲ ದಿನನಿತ್ಯ ಆಡುವ ಮಾತುಗಳೇ. ತೊಡಕು ಹುಟ್ಟುವುದೂ ಇಲ್ಲಿಯೇ. ಗೊತ್ತಿಲ್ಲದ ಪದ ಎದುರಾದರೆ ಓದುಗರು ನಿಘಂಟು ನೋಡುತ್ತಾರೆ, ಇಲ್ಲವೇ ಬಲ್ಲವರನ್ನು ಕೇಳುತ್ತಾರೆ. ಗೊತ್ತಿರುವ ಪದವೇ ಬೇರೆ ಅರ್ಥದಲ್ಲಿ ಬಂದಾಗ ಯಾರೂ ಕೇಳುವುದಿಲ್ಲ, ಮನೆಯ ಅರ್ಥವನ್ನೇ ಶಾಸ್ತ್ರಕ್ಕೂ ಹಚ್ಚಿ ಮುಂದೆ ಓದುತ್ತಾರೆ.

ಬೆಂಗಳೂರಿನ ಪೂರ್ವಕ್ಕಿರುವ ಮಹದೇವಪುರ, ವೈಟ್‌ಫೀಲ್ಡ್, ಕೆ.ಆರ್. ಪುರ ಕಡೆಗೆ ಉದ್ಯೋಗಕ್ಕಾಗಿ ಬಂದು ನೆಲೆಸಿದ ಕುಟುಂಬಗಳಲ್ಲಿ ಈ ತೊಡಕು ಇನ್ನಷ್ಟು ಎದ್ದು ಕಾಣುತ್ತದೆ. ಅಜ್ಜಿ ಊರಿನ ಬಸದಿಯಲ್ಲಿ ಶಾಸ್ತ್ರ ಕೇಳುತ್ತ ಕಲಿತ ಪದ ಒಂದು, ಮಗ ಸೊಸೆ ಕಂಪ್ಯೂಟರಿನ ಕೆಲಸದಲ್ಲಿ ಬಳಸುವ ತರ್ಕದ ಪದ ಇನ್ನೊಂದು, ಮೊಮ್ಮಗಳು ಇಂಗ್ಲಿಷ್ ಪಠ್ಯದಲ್ಲಿ ಓದುವ ಪದ ಮತ್ತೊಂದು. 'ಸ್ಯಾದ್ವಾದ ಅಂದರೆ ಇರಬಹುದು ಅನ್ನುವ ವಾದವಾ ಅಜ್ಜಿ?' ಎಂದು ಮಗು ಕೇಳಿದರೆ ಹೌದೆಂದು ಸುಮ್ಮನಾಗುವ ಮನೆಗಳು ಕಡಿಮೆಯಿಲ್ಲ. ಆ ಒಂದು 'ಹೌದು' ಎಂಬ ಮಾತಿನಿಂದ ಜಿನವಾಣಿ ಸಂದೇಹದ ವಾಣಿಯಾಗಿಬಿಡುತ್ತದೆ. ಆದ್ದರಿಂದ ಜೈನ ನ್ಯಾಯದಲ್ಲಿ ಮೇಲಿಂದ ಮೇಲೆ ಬರುವ ಮುಖ್ಯ ಪದಗಳ ಅರ್ಥ, ಬಳಕೆ ಮತ್ತು ಅವುಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ಇಲ್ಲಿ ಕೊಡಲಾಗಿದೆ.

ನಿಕ್ಷೇಪ: ಪದ ಯಾವ ಅರ್ಥದಲ್ಲಿ ನಿಂತಿದೆ?

ಒಂದೇ ಪದಕ್ಕೆ ಹಲವು ಅರ್ಥ ಇರುತ್ತದೆ ಎಂಬುದನ್ನು ಜೈನಾಚಾರ್ಯರು ಮೊದಲೇ ಕಂಡುಕೊಂಡಿದ್ದರು. ಅದಕ್ಕೆಂದೇ ನಿಕ್ಷೇಪ ಅಥವಾ ನ್ಯಾಸ ಎಂಬ ಕ್ರಮವನ್ನು ಇಟ್ಟರು. ಇಂದು ಕನ್ನಡದಲ್ಲಿ ನಿಕ್ಷೇಪ ಎಂದರೆ ಭೂಮಿಯಲ್ಲಿ ಹುದುಗಿರುವ ಖನಿಜ ಅಥವಾ ಹೂತಿಟ್ಟ ನಿಧಿ. ಶಾಸ್ತ್ರದಲ್ಲಿ ಅದರ ಅರ್ಥ ಪದವನ್ನು ಅದರ ತಕ್ಕ ಅರ್ಥದಲ್ಲಿ ಇರಿಸುವುದು. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವೇ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ.

'ಮಹಾವೀರ' ಎಂಬ ಪದವನ್ನೇ ನೋಡಬಹುದು. ಪಕ್ಕದ ಮನೆಯ ಹುಡುಗನ ಹೆಸರು ಮಹಾವೀರ ಎಂದಾದರೆ ಅದು ನಾಮನಿಕ್ಷೇಪ, ಅಲ್ಲಿ ಗುಣದ ಪ್ರಶ್ನೆಯಿಲ್ಲ. ಬಸದಿಯಲ್ಲಿರುವ ಬಿಂಬವನ್ನು ತೋರಿಸಿ 'ಇವರು ಮಹಾವೀರ ಸ್ವಾಮಿ' ಎಂದರೆ ಸ್ಥಾಪನಾನಿಕ್ಷೇಪ. ತೊಟ್ಟಿಲಲ್ಲಿರುವ ರಾಜಕುಮಾರ ವರ್ಧಮಾನನನ್ನು ತೀರ್ಥಂಕರ ಎಂದು ಕರೆದರೆ ದ್ರವ್ಯನಿಕ್ಷೇಪ, ಏಕೆಂದರೆ ಮುಂದೆ ಆಗಲಿರುವ ಸ್ಥಿತಿಯನ್ನು ಈಗಲೇ ಹೇಳಲಾಗಿದೆ. ಕೇವಲಜ್ಞಾನ ಪಡೆದು ಸಮವಸರಣದಲ್ಲಿ ಉಪದೇಶಿಸುವ ಸ್ವಾಮಿಯನ್ನು ತೀರ್ಥಂಕರ ಎಂದರೆ ಭಾವನಿಕ್ಷೇಪ. ವೈದ್ಯಕೀಯ ಓದುತ್ತಿರುವ ಹುಡುಗಿಯನ್ನು ಮನೆಯವರು ಪ್ರೀತಿಯಿಂದ 'ಡಾಕ್ಟರಮ್ಮ' ಎಂದು ಕರೆಯುವುದೂ ದ್ರವ್ಯನಿಕ್ಷೇಪವೇ. ಅದನ್ನು ಭಾವನಿಕ್ಷೇಪವೆಂದು ತಿಳಿದು ಆಕೆಯಿಂದ ಔಷಧ ಬರೆಸಿಕೊಂಡರೆ ಅಪಾಯ. ಮಾತಿನ ಜಗಳಗಳಲ್ಲಿ ಅರ್ಧಕ್ಕರ್ಧ ಹೀಗೆ ಒಬ್ಬರು ಒಂದು ನಿಕ್ಷೇಪದಲ್ಲಿ ಆಡಿದ್ದನ್ನು ಇನ್ನೊಬ್ಬರು ಮತ್ತೊಂದರಲ್ಲಿ ಕೇಳುವುದರಿಂದ ಹುಟ್ಟುತ್ತವೆ.

ಪ್ರಮಾಣ, ಪ್ರತ್ಯಕ್ಷ, ಪರೋಕ್ಷ

ಆಡುಮಾತಿನಲ್ಲಿ ಪ್ರಮಾಣ ಎಂದರೆ ಆಣೆ ('ದೇವರ ಮುಂದೆ ಪ್ರಮಾಣ ಮಾಡು') ಅಥವಾ ಅಳತೆ ('ಉಪ್ಪಿನ ಪ್ರಮಾಣ ಹೆಚ್ಚಾಯಿತು'). ನ್ಯಾಯಶಾಸ್ತ್ರದಲ್ಲಿ ಪ್ರಮಾಣ ಎಂದರೆ ಸಮ್ಯಕ್ ಜ್ಞಾನ, ಅಂದರೆ ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರು ದೋಷಗಳಿಲ್ಲದ ಅರಿವು. 'ಇದು ಹಗ್ಗವೋ ಹಾವೋ' ಎಂಬುದು ಸಂಶಯ. ಹಗ್ಗವನ್ನು ಹಾವೆಂದೇ ತಿಳಿಯುವುದು ವಿಪರ್ಯಯ. ನಡೆಯುವಾಗ ಕಾಲಿಗೆ ಏನೋ ತಾಗಿತು, ಏನೆಂದು ಗಮನಿಸಲಿಲ್ಲ ಎಂಬುದು ಅನಧ್ಯವಸಾಯ.

ಪ್ರತ್ಯಕ್ಷ, ಪರೋಕ್ಷ ಎಂಬ ಪದಗಳು ಹೊಸಬರನ್ನು ಹೆಚ್ಚು ಗೊಂದಲಕ್ಕೆ ಕೆಡವುತ್ತವೆ. ಲೋಕದಲ್ಲಿ ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಜೈನಾಗಮದಲ್ಲಿ 'ಅಕ್ಷ' ಎಂದರೆ ಆತ್ಮ. ಇಂದ್ರಿಯ, ಮನಸ್ಸುಗಳ ಸಹಾಯವಿಲ್ಲದೆ ಆತ್ಮವೇ ನೇರವಾಗಿ ಅರಿಯುವುದು ಪ್ರತ್ಯಕ್ಷ. ಹಾಗಾಗಿ ಅವಧಿ, ಮನಃಪರ್ಯಯ, ಕೇವಲ ಈ ಮೂರು ಜ್ಞಾನಗಳು ಪ್ರತ್ಯಕ್ಷ, ಮತಿ ಮತ್ತು ಶ್ರುತ ಜ್ಞಾನಗಳು ಪರೋಕ್ಷ. ಈ ಲೆಕ್ಕದಲ್ಲಿ ಕಣ್ಣಿನಿಂದ ಕಂಡದ್ದೂ ಪರೋಕ್ಷವೇ ಆಗುತ್ತದೆ. ಬೇರೆ ದರ್ಶನದವರೊಡನೆ ವಾದಕ್ಕೆ ಕುಳಿತಾಗ ಇದು ತೊಡಕಾಯಿತು. 8ನೇ ಶತಮಾನದ ಅಕಲಂಕದೇವರು ಇದಕ್ಕೆ ದಾರಿ ತೋರಿಸಿದರು. ಇಂದ್ರಿಯಗಳಿಂದ ಬರುವ ಸ್ಪಷ್ಟ ಜ್ಞಾನವನ್ನು ಸಾಂವ್ಯವಹಾರಿಕ ಪ್ರತ್ಯಕ್ಷ ಎಂದೂ ಆತ್ಮದಿಂದಲೇ ಬರುವುದನ್ನು ಮುಖ್ಯ ಪ್ರತ್ಯಕ್ಷ ಎಂದೂ ಹೆಸರಿಸಿದರು. ಆಗಮದ ಮಾತು ಉಳಿಯಿತು, ಲೋಕದ ಮಾತಿಗೂ ಜಾಗ ಸಿಕ್ಕಿತು. ಪರಿಭಾಷೆಯನ್ನು ಎಚ್ಚರದಿಂದ ಬಳಸುವುದು ಹೇಗೆ ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಪರೋಕ್ಷ ಪ್ರಮಾಣದಲ್ಲಿ ಐದು ಬಗೆ: ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ. ನೆನಪನ್ನೂ ತರ್ಕವನ್ನೂ ಸ್ವತಂತ್ರ ಪ್ರಮಾಣಗಳೆಂದು ಒಪ್ಪಿರುವುದು ಜೈನ ನ್ಯಾಯದ ವಿಶೇಷ.

ಅನುಮಾನ: ಸಂದೇಹವೋ ನಿರ್ಣಯವೋ?

'ನನಗೆ ಅವನ ಮೇಲೆ ಅನುಮಾನ' ಎಂದಾಗ ಕನ್ನಡದಲ್ಲಿ ಸಂದೇಹ ಎಂದೇ ಅರ್ಥ. ನ್ಯಾಯದಲ್ಲಿ ಅನುಮಾನ ಸಂದೇಹವನ್ನು ಕಳೆಯುವ ಜ್ಞಾನ. ತಿಳಿದ ಗುರುತಿನಿಂದ ತಿಳಿಯದ ವಸ್ತುವನ್ನು ನಿಶ್ಚಯಿಸುವುದು ಅದರ ಕೆಲಸ. ಇದರ ಅಂಗಗಳ ಹೆಸರುಗಳೂ ಮನೆಮಾತಿನವೇ, ಅರ್ಥ ಮಾತ್ರ ಬೇರೆ.

ಪಕ್ಷ: ಮನೆಮಾತಿನಲ್ಲಿ ರಾಜಕೀಯ ಪಕ್ಷ ಅಥವಾ ಹದಿನೈದು ದಿನ. ಇಲ್ಲಿ ಯಾವುದರ ಬಗ್ಗೆ ನಿರ್ಣಯ ಮಾಡಬೇಕೋ ಆ ನೆಲೆ.

ಸಾಧ್ಯ: ಮನೆಮಾತಿನಲ್ಲಿ ಆಗಬಹುದಾದದ್ದು. ಇಲ್ಲಿ ಸಾಧಿಸಿ ತೋರಿಸಬೇಕಾದದ್ದು.

ಹೇತು: ಮನೆಮಾತಿನಲ್ಲಿ ಉದ್ದೇಶ ಅಥವಾ ಕಾರಣ. ಇಲ್ಲಿ ಸಾಧ್ಯವಿಲ್ಲದೆ ಇರಲಾರದ ಗುರುತು.

ವ್ಯಾಪ್ತಿ: ಮನೆಮಾತಿನಲ್ಲಿ ಹರವು, ಸರಹದ್ದು. ಇಲ್ಲಿ ಹೇತು ಮತ್ತು ಸಾಧ್ಯಗಳ ನಡುವಿನ ತಪ್ಪದ ಸಂಬಂಧ. ಆ ಸಂಬಂಧವನ್ನು ಅರಿಯುವ ಜ್ಞಾನವೇ ತರ್ಕ.

ಉಪನಯ, ನಿಗಮನ: ಉಪನಯ ಎಂದರೆ ಹೇತು ಪಕ್ಷದಲ್ಲಿದೆ ಎಂದು ತೋರಿಸುವುದು, ನಿಗಮನ ಎಂದರೆ ಮುಕ್ತಾಯದ ನಿರ್ಣಯ. ಉಪನಯನಕ್ಕೂ ಸಾರಿಗೆ ನಿಗಮಕ್ಕೂ ಇಲ್ಲಿ ಸಂಬಂಧವಿಲ್ಲ.

ಹಳೆಯ ಗ್ರಂಥಗಳ ಉದಾಹರಣೆ 'ಬೆಟ್ಟದ ಮೇಲೆ ಬೆಂಕಿಯಿದೆ, ಹೊಗೆ ಕಾಣುವುದರಿಂದ' ಎಂಬುದು. ಮಹದೇವಪುರ ಸೀಮೆಯವರಿಗೆ ಬೆಟ್ಟಕ್ಕಿಂತ ಕೆರೆ ಹತ್ತಿರ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿ ದಟ್ಟ ಹೊಗೆ ಎದ್ದದ್ದನ್ನು ಹಲವರು ನೋಡಿದ್ದಾರೆ. 'ಕೆರೆಯಲ್ಲಿ ಬೆಂಕಿಯಿದೆ, ಹೊಗೆ ಏಳುತ್ತಿರುವುದರಿಂದ' ಎಂದರೆ ಕೆರೆ ಪಕ್ಷ, ಬೆಂಕಿ ಸಾಧ್ಯ, ಹೊಗೆ ಹೇತು. ಅದೇ ಕೆರೆಯಲ್ಲಿ ಬಿಳಿ ನೊರೆ ತುಂಬಿ ಗಾಳಿಗೆ ಹಾರುವುದೂ ಉಂಟು. ದೂರದಿಂದ ನೊರೆಯನ್ನೇ ಹೊಗೆಯೆಂದು ತಿಳಿದು 'ಬೆಂಕಿ ಬಿದ್ದಿದೆ' ಎಂದು ಯಾರಾದರೂ ಹೇಳಿದರೆ ಅವರ ವ್ಯಾಪ್ತಿ ಸರಿಯಾಗಿಯೇ ಇದೆ, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ. ಹೇತುವೇ ಅಲ್ಲಿಲ್ಲ. ಇಂಥ ಹೇತುವಿಗೆ ಅಸಿದ್ಧ ಎಂದು ಹೆಸರು. ಹೇತುವಿನಂತೆ ತೋರಿ ಹೇತುವಾಗದ್ದು ಹೇತ್ವಾಭಾಸ. ಮಾಣಿಕ್ಯನಂದಿ ಆಚಾರ್ಯರ ಪರೀಕ್ಷಾಮುಖ ಅಸಿದ್ಧ, ವಿರುದ್ಧ, ಅನೈಕಾಂತಿಕ, ಅಕಿಂಚಿತ್ಕರ ಎಂಬ ನಾಲ್ಕು ಹೇತ್ವಾಭಾಸಗಳನ್ನು ಎಣಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. 'ಅನೈಕಾಂತಿಕ' ಎಂಬುದು ಹೇತುವಿನ ದೋಷ, ಅಂದರೆ ಸಾಧ್ಯ ಇರುವಲ್ಲಿಯೂ ಇಲ್ಲದಲ್ಲಿಯೂ ಕಾಣುವ ಗುರುತು. 'ಅನೇಕಾಂತ' ಎಂಬುದು ವಸ್ತುವಿನ ಸ್ವರೂಪ. ಕೇಳಲು ಅವಳಿಗಳಂತಿದ್ದರೂ ಒಂದು ತಪ್ಪು, ಇನ್ನೊಂದು ಸಿದ್ಧಾಂತ. ಭಾಷಣಗಳಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಬಾರದು.

ಬೌದ್ಧರು ಸರಿಯಾದ ಹೇತುವಿಗೆ ಮೂರು ಲಕ್ಷಣ ಬೇಕೆಂದರು. ಪಾತ್ರಸ್ವಾಮಿ ಎಂಬ ಜೈನಾಚಾರ್ಯರು ಒಂದೇ ಸಾಕೆಂದು ವಾದಿಸಿದರು. ಅದು ಅನ್ಯಥಾನುಪಪತ್ತಿ, 'ಇದಿಲ್ಲದಿದ್ದರೆ ಅದು ಹೊಂದುವುದೇ ಇಲ್ಲ' ಎಂಬ ಕಟ್ಟು. ಇದರ ಬಲದಿಂದ ಜೈನರು ಹೊಸ ಬಗೆಯ ಹೇತುಗಳನ್ನೂ ಒಪ್ಪಿದರು. ಕೃತ್ತಿಕಾ ನಕ್ಷತ್ರ ಉದಯಿಸಿದ್ದನ್ನು ಕಂಡು 'ಇನ್ನು ರೋಹಿಣಿ ಉದಯಿಸುತ್ತದೆ' ಎಂದು ಹೇಳುವುದು ಅಂಥದ್ದು. ಕೃತ್ತಿಕೆ ರೋಹಿಣಿಗೆ ಕಾರಣವಲ್ಲ, ಅದರ ಮುಂದೆ ಹೋಗುವುದಷ್ಟೇ. ಇದು ಪೂರ್ವಚರ ಹೇತು. ಮಳೆ ನಕ್ಷತ್ರಗಳನ್ನು ಒಂದರ ಹಿಂದೊಂದು ಎಣಿಸಿ ಬಿತ್ತನೆಗೆ ಸಿದ್ಧವಾಗುವ ರೈತಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದ್ರವ್ಯ, ಗುಣ, ಪರ್ಯಾಯ

ದ್ರವ್ಯ ಎಂದರೆ ಕನ್ನಡದಲ್ಲಿ ಹಣ, ಇಲ್ಲವೇ ಪೂಜೆಯ ಸಾಮಗ್ರಿ. ಪರ್ಯಾಯ ಎಂದರೆ ಬದಲಿ. 'ಪರ್ಯಾಯ ಮಾರ್ಗ' ಎಂಬ ಫಲಕ ಹೊರವರ್ತುಲ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಪರಿಚಿತ. ಶಾಸ್ತ್ರದಲ್ಲಿ ದ್ರವ್ಯ ಎಂದರೆ ಗುಣ ಮತ್ತು ಪರ್ಯಾಯಗಳುಳ್ಳದ್ದು. ಗುಣ ದ್ರವ್ಯದ ಜೊತೆಯಲ್ಲೇ ಇರುತ್ತದೆ, ಪರ್ಯಾಯ ಕ್ರಮವಾಗಿ ಬಂದು ಹೋಗುತ್ತದೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಟ್ಟ ದೃಷ್ಟಾಂತ ಪ್ರಸಿದ್ಧವಾಗಿದೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರೆ, ಕಲಶ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಸಾಕೆಂದವನಿಗೆ ಎರಡೂ ಇಲ್ಲ. ಮೂವರ ಭಾವವೂ ನಿಜವಾದ ಕಾರಣದಿಂದಲೇ ಹುಟ್ಟಿತು. ಹಾಗಾದರೆ ವಸ್ತುವಿನಲ್ಲಿ ನಾಶ, ಹುಟ್ಟು, ಸ್ಥಿರತೆ ಮೂರೂ ಒಟ್ಟಿಗೇ ಇವೆ. ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರು ಪದಗಳ ಅರ್ಥ ಇದೇ.

ಧರ್ಮ, ಅಧರ್ಮ ಎಂಬ ಜೋಡಿಗೂ ಎರಡು ನೆಲೆಗಳಿವೆ. ಆಚಾರದ ಮಾತಿನಲ್ಲಿ ಧರ್ಮ ಎಂದರೆ ಅಹಿಂಸಾದಿ ನಡತೆ. ಆರು ದ್ರವ್ಯಗಳ ಪಟ್ಟಿಯಲ್ಲಿ ಧರ್ಮದ್ರವ್ಯ ಜೀವ ಮತ್ತು ಪುದ್ಗಲಗಳ ಚಲನೆಗೆ ನೆರವಾಗುವ ದ್ರವ್ಯ, ಮೀನಿಗೆ ನೀರಿದ್ದಂತೆ. ಅಧರ್ಮದ್ರವ್ಯ ನಿಲ್ಲಲು ನೆರವಾಗುವುದು, ದಾರಿಹೋಕನಿಗೆ ಮರದ ನೆರಳಿದ್ದಂತೆ. ಇಲ್ಲಿ ಅಧರ್ಮಕ್ಕೆ ಪಾಪದ ಸೋಂಕಿಲ್ಲ. ನ್ಯಾಯದಲ್ಲಿ ಇದೇ ಧರ್ಮ ಎಂಬ ಪದ ವಸ್ತುವಿನ ಗುಣಾಂಶ ಎಂಬ ಮೂರನೆಯ ಅರ್ಥದಲ್ಲಿ ಬರುತ್ತದೆ. 'ವಸ್ತು ಅನಂತ ಧರ್ಮಾತ್ಮಕ' ಎನ್ನುವಾಗ ಆ ಅರ್ಥವೇ ಹೊರತು 'ಎಲ್ಲ ಮತಗಳೂ ಒಂದೇ' ಎಂದಲ್ಲ.

ಸಮಯ ಎಂಬುದು ಇನ್ನೊಂದು ಪದ. ಗಡಿಯಾರದ ಸಮಯ ಎಲ್ಲರಿಗೂ ಗೊತ್ತು. ಶಾಸ್ತ್ರದಲ್ಲಿ ಸಮಯ ಎಂದರೆ ಕಾಲದ ಇನ್ನು ಭಾಗಿಸಲಾಗದ ಅತಿ ಸಣ್ಣ ಅಂಶ. ಕುಂದಕುಂದಾಚಾರ್ಯರ ಸಮಯಸಾರದಲ್ಲಿ ಅದು ಆತ್ಮ. 12ನೇ ಶತಮಾನದ ಬ್ರಹ್ಮಶಿವ ಕವಿಯ 'ಸಮಯಪರೀಕ್ಷೆ'ಯಲ್ಲಿ ಅದು ಮತ, ಸಂಪ್ರದಾಯ. ಸಂದರ್ಭ ನೋಡದೆ ಅರ್ಥ ಹಚ್ಚಿದರೆ ಮೂರೂ ಕೆಡುತ್ತವೆ.

ಅನೇಕಾಂತ, ನಯ, ಸ್ಯಾದ್ವಾದ: ಮೂರು ಬೇರೆ ಬೇರೆ

ಈ ಮೂರನ್ನು ಒಂದರ ಬದಲು ಒಂದು ಬಳಸುವುದು ಸಾಮಾನ್ಯವಾಗಿದೆ. ಅನೇಕಾಂತ ವಸ್ತು ಹೇಗಿದೆ ಎಂಬುದನ್ನು ಹೇಳುತ್ತದೆ. ನಯ ಆ ವಸ್ತುವಿನ ಒಂದು ಮುಖವನ್ನು ಅರಿಯುವ ಜ್ಞಾನ. ಸ್ಯಾದ್ವಾದ ಅದನ್ನು ತಪ್ಪಿಲ್ಲದೆ ನುಡಿಯುವ ಕ್ರಮ. ಒಂದು ಇರುವಿಕೆಗೆ, ಒಂದು ಅರಿವಿಗೆ, ಒಂದು ಮಾತಿಗೆ ಸೇರಿದ್ದು.

ಕನ್ನಡದಲ್ಲಿ ನಯ ಎಂದರೆ ನುಣುಪು, ವಿನಯ. ಶಾಸ್ತ್ರದಲ್ಲಿ ನಯಗಳು ಏಳು: ನೈಗಮ, ಸಂಗ್ರಹ, ವ್ಯವಹಾರ, ಋಜುಸೂತ್ರ, ಶಬ್ದ, ಸಮಭಿರೂಢ, ಏವಂಭೂತ. ಅಕ್ಕಿ ತೊಳೆಯುತ್ತಿರುವವರನ್ನು 'ಏನು ಮಾಡುತ್ತಿದ್ದೀರಿ?' ಎಂದರೆ 'ಅನ್ನ ಮಾಡುತ್ತಿದ್ದೇನೆ' ಎನ್ನುತ್ತಾರೆ. ಅನ್ನ ಇನ್ನೂ ಆಗಿಲ್ಲ, ಸಂಕಲ್ಪವನ್ನೇ ಹಿಡಿದು ಆಡಿದ ಈ ಮಾತು ನೈಗಮನಯ. 'ಎಲ್ಲವೂ ಸತ್' ಎಂದು ಒಟ್ಟುಗೂಡಿಸುವುದು ಸಂಗ್ರಹ. ಅದನ್ನು ಜೀವ, ಅಜೀವ ಎಂದು ಬಳಕೆಗೆ ತಕ್ಕಂತೆ ವಿಂಗಡಿಸುವುದು ವ್ಯವಹಾರ. ಈ ಕ್ಷಣದ ಪರ್ಯಾಯವನ್ನಷ್ಟೇ ಹಿಡಿಯುವುದು ಋಜುಸೂತ್ರ. ಲಿಂಗ, ವಚನ, ಕಾಲಗಳ ಭೇದದಿಂದ ಅರ್ಥಭೇದ ಹೇಳುವುದು ಶಬ್ದನಯ. ಇಂದ್ರ, ಶಕ್ರ, ಪುರಂದರ ಎಂಬ ಸಮಾನಪದಗಳಲ್ಲೂ ಬೇರೆ ಬೇರೆ ಅರ್ಥ ಕಾಣುವುದು ಸಮಭಿರೂಢ. ಕ್ರಿಯೆ ನಡೆಯುವಾಗ ಮಾತ್ರ ಆ ಹೆಸರು ಸಲ್ಲುತ್ತದೆ, ಪೂಜೆ ಮಾಡುತ್ತಿರುವಾಗಲೇ ಪೂಜಾರಿ ಎನ್ನುವುದು ಏವಂಭೂತ. ಕೊನೆಯ ಮೂರೂ ಪದಗಳ ಬಳಕೆಯನ್ನೇ ಕುರಿತವು ಎಂಬುದು ಗಮನಿಸಬೇಕಾದ ಸಂಗತಿ.

ಒಂದು ನಯ ತನ್ನ ಮುಖವನ್ನು ಹೇಳುತ್ತ ಉಳಿದವನ್ನು ಗೌಣವಾಗಿ ಇಟ್ಟರೆ ಅದು ಸುನಯ. ಉಳಿದವು ಇಲ್ಲವೇ ಇಲ್ಲ ಎಂದರೆ ದುರ್ನಯ, ಅಂದರೆ ನಯಾಭಾಸ. ನಿಶ್ಚಯನಯ, ವ್ಯವಹಾರನಯಗಳಿಗೂ ಇದೇ ನಿಯಮ. 'ನಿಶ್ಚಯದಲ್ಲಿ ಆತ್ಮ ಶುದ್ಧವೇ, ಹಾಗಾದರೆ ವ್ರತ ಏಕೆ?' ಎನ್ನುವವರು ನಿಶ್ಚಯವನ್ನು ದುರ್ನಯ ಮಾಡಿದವರು. ಕ್ರಿಯೆಯೊಂದೇ ಸಾಕು, ಆತ್ಮಚಿಂತನೆ ಬೇಡ ಎನ್ನುವವರು ವ್ಯವಹಾರವನ್ನು ದುರ್ನಯ ಮಾಡಿದವರು.

'ಸ್ಯಾತ್' ಎಂಬ ಪುಟ್ಟ ಪದ

ಸಂಸ್ಕೃತದಲ್ಲಿ 'ಸ್ಯಾತ್' ಎಂಬುದು 'ಇರಬಹುದು' ಎಂಬ ಕ್ರಿಯಾಪದವೂ ಹೌದು. ತಪ್ಪು ತಿಳಿವಳಿಕೆಯ ಬೇರು ಇಲ್ಲಿದೆ. ಸ್ಯಾದ್ವಾದದಲ್ಲಿ ಅದು ಕ್ರಿಯಾಪದವಲ್ಲ, ನಿಪಾತ, ಅಂದರೆ ಅವ್ಯಯ. ಅದರ ಅರ್ಥ ಕಥಂಚಿತ್, 'ಒಂದು ಅಪೇಕ್ಷೆಯಿಂದ', 'ಒಂದು ದೃಷ್ಟಿಯಿಂದ'. ಇಲ್ಲಿ 'ಅಪೇಕ್ಷೆ'ಯೂ ಆಸೆ ಎಂಬ ಅರ್ಥದಲ್ಲಿಲ್ಲ, ಯಾವುದನ್ನು ಆಧಾರವಾಗಿ ಇಟ್ಟುಕೊಂಡು ಹೇಳುತ್ತೇವೆ ಎಂಬ ಅರ್ಥದಲ್ಲಿದೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಭಂಗಗಳ ಪೂರ್ಣರೂಪದಲ್ಲಿ 'ಸ್ಯಾತ್' ಜೊತೆಗೆ 'ಏವ' ಎಂಬ ಅವಧಾರಣೆಯೂ ಇರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಅದು ಇದ್ದೇ ಇದೆಯೆಂದು ತಿಳಿಯಬೇಕು ಎಂದು ಆಚಾರ್ಯರು ವಿವರಿಸಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ 'ಈ ಅಪೇಕ್ಷೆಯಿಂದ ಇದ್ದೇ ಇದೆ', 'ಆ ಅಪೇಕ್ಷೆಯಿಂದ ಇಲ್ಲವೇ ಇಲ್ಲ'. ಅಪೇಕ್ಷೆ ಬದಲಾಗಬಹುದು, ಒಂದು ಅಪೇಕ್ಷೆಯೊಳಗೆ ತೂಗುಯ್ಯಾಲೆಯಿಲ್ಲ. 'ಬಹುಶಃ', 'ಇರಬಹುದು', 'ಪ್ರಾಯಶಃ' ಎಂಬ ಅನುವಾದಗಳನ್ನು ಕೈಬಿಡಬೇಕಾದದ್ದು ಈ ಕಾರಣಕ್ಕೆ.

'ಮಹದೇವಪುರ ಬೆಂಗಳೂರಿನ ಪಾಲಿಕೆಗೆ ಸೇರಿದೆ' ಎಂಬ ವಾಕ್ಯವನ್ನು ಪರೀಕ್ಷಿಸಬಹುದು. 2007ಕ್ಕೆ ಮೊದಲು ಮಹದೇವಪುರಕ್ಕೆ ತನ್ನದೇ ನಗರಸಭೆ ಇತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಅದು ಪಾಲಿಕೆಯೊಳಗೆ ಬಂತು. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದ ಮೇಲೆ ಅದು ಬೆಂಗಳೂರು ಪೂರ್ವ ನಗರ ಪಾಲಿಕೆಯಲ್ಲಿದೆ. ಈಗ ಪ್ರಶ್ನೆಗೆ ಉತ್ತರವೇನು? ಬೃಹತ್ ಪಾಲಿಕೆಯನ್ನೇ ಮನಸ್ಸಿನಲ್ಲಿಟ್ಟು ಕೇಳಿದರೆ, 2010ರ ಅಪೇಕ್ಷೆಯಿಂದ ಸೇರಿಯೇ ಇದೆ (ಅಸ್ತಿ). 2005ರ ಅಪೇಕ್ಷೆಯಿಂದ ಸೇರಿಯೇ ಇಲ್ಲ (ನಾಸ್ತಿ). ಎರಡನ್ನೂ ಒಂದಾದ ಮೇಲೊಂದು ಹೇಳಿದರೆ ಮೂರನೆಯ ಭಂಗ (ಅಸ್ತಿ ನಾಸ್ತಿ). ಎರಡನ್ನೂ ಒಂದೇ ಪದದಲ್ಲಿ, ಒಂದೇ ಸಲಕ್ಕೆ ಹೇಳೆಂದರೆ ಹೇಳಲಾಗದು, ಅದು ನಾಲ್ಕನೆಯದು (ಅವಕ್ತವ್ಯ). ಮೊದಲ ಮೂರರ ಜೊತೆ ಅವಕ್ತವ್ಯವನ್ನು ಕೂಡಿಸಿದರೆ ಉಳಿದ ಮೂರು ಭಂಗಗಳು: ಅಸ್ತಿ ಅವಕ್ತವ್ಯ, ನಾಸ್ತಿ ಅವಕ್ತವ್ಯ, ಅಸ್ತಿ ನಾಸ್ತಿ ಅವಕ್ತವ್ಯ. ಇಲ್ಲೆಲ್ಲಿಯೂ 'ಬಹುಶಃ' ಬರಲಿಲ್ಲ. ಪ್ರತಿ ಉತ್ತರವೂ ಖಚಿತ. ಶಾಸ್ತ್ರದಲ್ಲಿ ಅಪೇಕ್ಷೆ ಕಾಲ ಒಂದೇ ಅಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನೂ ನೋಡಬೇಕು. ವಸ್ತು ತನ್ನ ನಾಲ್ಕರಿಂದ ಇದೆ, ಪರವಸ್ತುವಿನ ನಾಲ್ಕರಿಂದ ಇಲ್ಲ.

ಕಂಪ್ಯೂಟರ್ ಕೆಲಸದಲ್ಲಿರುವವರು ಅವಕ್ತವ್ಯವನ್ನು ದತ್ತಸಂಚಯದ 'ನಲ್' ಎಂಬ ಖಾಲಿ ಬೆಲೆಗೆ ಹೋಲಿಸುವುದುಂಟು. ಹೋಲಿಕೆ ಹೊಂದುವುದಿಲ್ಲ. ನಲ್ ಇದ್ದಲ್ಲಿ ಉತ್ತರ ಹೌದು, ಅಲ್ಲ, ಗೊತ್ತಿಲ್ಲ ಎಂಬ ಮೂರರಲ್ಲಿ ಕೊನೆಯದಾಗುತ್ತದೆ. ಅದು ತಿಳಿವಿನ ಕೊರತೆ. ಅವಕ್ತವ್ಯದಲ್ಲಿ ತಿಳಿವಿಗೆ ಕೊರತೆಯಿಲ್ಲ, ಅಸ್ತಿಯೂ ಗೊತ್ತು, ನಾಸ್ತಿಯೂ ಗೊತ್ತು. ಕೊರತೆ ಇರುವುದು ಎರಡನ್ನೂ ಒಟ್ಟಿಗೆ ಹೊರಲಾರದ ಪದದಲ್ಲಿ.

ಆಕ್ಷೇಪಗಳು ಮತ್ತು ಉತ್ತರ

ಸ್ಯಾದ್ವಾದಕ್ಕೆ ಹಳೆಯ ಕಾಲದಿಂದಲೂ ಬಲವಾದ ಆಕ್ಷೇಪಗಳಿವೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಒಂದೇ ವಸ್ತುವಿನಲ್ಲಿ ವಿರುದ್ಧ ಧರ್ಮಗಳು ಒಟ್ಟಿಗೆ ಇರಲಾರವು ಎಂದರು. ಒಂದೇ ಅಪೇಕ್ಷೆಯಲ್ಲಿ ಎಂದಾದರೆ ಜೈನರೂ ಇದನ್ನು ಒಪ್ಪುತ್ತಾರೆ. ಬೇರೆ ಬೇರೆ ಅಪೇಕ್ಷೆಯಲ್ಲಿ ವಿರೋಧವಿಲ್ಲ, ಒಬ್ಬಾಕೆಯೇ ತಾಯಿಗೆ ಮಗಳೂ ಮಗಳಿಗೆ ತಾಯಿಯೂ ಆಗಿರುವಂತೆ.

ಬೌದ್ಧಾಚಾರ್ಯ ಧರ್ಮಕೀರ್ತಿಯ ಆಕ್ಷೇಪ ಇನ್ನೂ ಮೊನಚಾದದ್ದು. ಎಲ್ಲವೂ ಎಲ್ಲ ರೂಪದ್ದಾದರೆ ಮೊಸರು ಒಂಟೆಯೂ ಆದೀತು. ಹಾಗಾದರೆ ಮೊಸರು ತಿನ್ನೆಂದವನು ಒಂಟೆಯ ಕಡೆಗೆ ಏಕೆ ಓಡುವುದಿಲ್ಲ? ಅಕಲಂಕದೇವರು ನ್ಯಾಯವಿನಿಶ್ಚಯದಲ್ಲಿ ಅದೇ ಧಾಟಿಯಲ್ಲಿ ಉತ್ತರಿಸಿದರು. ಬುದ್ಧನು ಹಿಂದಿನ ಜನ್ಮದಲ್ಲಿ ಜಿಂಕೆಯಾಗಿದ್ದನೆಂದು ನೀವೇ ಹೇಳುತ್ತೀರಿ. ಆದರೂ ಬುದ್ಧನನ್ನು ವಂದಿಸುತ್ತೀರಿ, ಜಿಂಕೆಯನ್ನು ಆಹಾರವೆಂದು ಎಣಿಸುತ್ತೀರಿ. ಸಂತಾನ ಒಂದೇ ಆದರೂ ಪರ್ಯಾಯದ ಭೇದ ನಿಮಗೆ ಗೊತ್ತು. ನಮಗೂ ಮೊಸರು ಮತ್ತು ಒಂಟೆಯ ಭೇದ ಗೊತ್ತು. ಅನೇಕಾಂತ ಎಂದರೆ ಭೇದಗಳನ್ನೆಲ್ಲ ಕಲಸಿಬಿಡುವುದು ಎಂದು ತಿಳಿದವರಿಗೆ ಈ ಉತ್ತರ ಇಂದಿಗೂ ಸಲ್ಲುತ್ತದೆ.

20ನೇ ಶತಮಾನದಲ್ಲಿ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತ ಲೇಖನದಲ್ಲಿ ಸ್ಯಾದ್ವಾದವನ್ನು ಚರ್ಚಿಸಿದರು. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಸಪ್ತಭಂಗಿಯ ಬಗ್ಗೆಯೇ ಬರೆದರು. ಇದು ಹೆಮ್ಮೆಯ ವಿಷಯ. ಆದರೆ ಸಂಭವನೀಯತೆಯ ಗಣಿತದೊಡನೆ ಹೋಲಿಸುವಾಗ ಸ್ಯಾತ್ ಪದಕ್ಕೆ ಮತ್ತೆ 'ಇರಬಹುದು' ಎಂಬ ಬಣ್ಣ ಹತ್ತದಂತೆ ನೋಡಿಕೊಳ್ಳಬೇಕು.

ಕನ್ನಡ ನಾಡಿನ ನೈಯಾಯಿಕರು

ಈ ಪರಿಭಾಷೆ ಬೆಳೆದದ್ದರಲ್ಲಿ ದಕ್ಷಿಣದ, ಅದರಲ್ಲೂ ಕರ್ನಾಟಕದ ಪಾಲು ದೊಡ್ಡದು. ಸಮಂತಭದ್ರರ ಆಪ್ತಮೀಮಾಂಸೆಗೆ ಅಕಲಂಕರು ಅಷ್ಟಶತಿಯನ್ನೂ, ಅದನ್ನು ಒಳಗೊಂಡು ವಿದ್ಯಾನಂದರು ಅಷ್ಟಸಹಸ್ರಿಯನ್ನೂ ಬರೆದರು. ಹೆಸರುಗಳೇ ಹೇಳುವಂತೆ ಒಂದು ಎಂಟುನೂರರ, ಇನ್ನೊಂದು ಎಂಟು ಸಾವಿರದ ಪ್ರಮಾಣದ್ದು. 11ನೇ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಕಾಲದ ವಾದಿರಾಜರು ನ್ಯಾಯವಿನಿಶ್ಚಯಕ್ಕೆ ವಿವರಣ ಬರೆದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಸಮಂತಭದ್ರ, ಅಕಲಂಕ ಮೊದಲಾದ ವಾದಿಗಳನ್ನು ನೆನೆಯುತ್ತದೆ. ವಿಜಯನಗರ ಕಾಲದ ಅಭಿನವ ಧರ್ಮಭೂಷಣ ಯತಿಗಳ ನ್ಯಾಯದೀಪಿಕೆ ಮೂರೇ ಪ್ರಕಾಶಗಳ ಸರಳ ಗ್ರಂಥ, ಇಂದಿಗೂ ಹೊಸಬರಿಗೆ ಮೊದಲ ಮೆಟ್ಟಿಲು. ಹೆಸರಿನ ಗೊಂದಲ ಇಲ್ಲಿಯೂ ಇದೆ. 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಎಂಬ ಕನ್ನಡ ವ್ಯಾಕರಣ ಬರೆದ ಭಟ್ಟಾಕಲಂಕರು ಬೇರೆ, ನ್ಯಾಯಗ್ರಂಥಗಳ ಅಕಲಂಕದೇವರು ಬೇರೆ.

ಪದ ತಪ್ಪಿದರೆ ಏನಾಗುತ್ತದೆ: ಸಲ್ಲೇಖನದ ಉದಾಹರಣೆ

ನ್ಯಾಯದೀಪಿಕೆ ಲಕ್ಷಣಕ್ಕೆ, ಅಂದರೆ ವ್ಯಾಖ್ಯೆಗೆ ಮೂರು ದೋಷ ಹೇಳುತ್ತದೆ. ಹೇಳಬೇಕಾದ ಕೆಲವನ್ನು ಬಿಟ್ಟರೆ ಅವ್ಯಾಪ್ತಿ, ಹೊರಗಿನದನ್ನೂ ಒಳಗೆ ಎಳೆದುಕೊಂಡರೆ ಅತಿವ್ಯಾಪ್ತಿ, ಎಲ್ಲಿಯೂ ಹೊಂದದಿದ್ದರೆ ಅಸಂಭವ. ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ ದೇಶದಾದ್ಯಂತ ಜೈನ ಸಮಾಜ ಬೀದಿಗಿಳಿಯಿತು. ಅದೇ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ವಾದದ ತಿರುಳು ವ್ಯಾಖ್ಯೆಯೇ. 'ತಾನಾಗಿ ಆಹಾರ ಬಿಟ್ಟು ದೇಹ ತ್ಯಜಿಸುವುದೆಲ್ಲ ಆತ್ಮಹತ್ಯೆ' ಎಂದರೆ ಜೈನ ದೃಷ್ಟಿಯಲ್ಲಿ ಅದು ಅತಿವ್ಯಾಪ್ತಿ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣದಲ್ಲಿ ಪ್ರಮಾದದ ಯೋಗವನ್ನು ಸೇರಿಸುತ್ತದೆ. ಸಲ್ಲೇಖನದಲ್ಲಿ ರಾಗ, ದ್ವೇಷ, ಮೋಹ ಇಲ್ಲದ್ದರಿಂದ ಅದು ಆತ್ಮವಧೆಯಲ್ಲ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅದೇ ನಿಯಮ ಸಮಾಜಕ್ಕೂ ಅನ್ವಯಿಸುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ಸಂದರ್ಭಗಳನ್ನು ಸ್ಪಷ್ಟವಾಗಿ ಹೇಳಿದೆ. ನೋವಿನಿಂದ, ನಿರಾಶೆಯಿಂದ ಪ್ರಾಣ ಬಿಡುವುದನ್ನು ಯಾರಾದರೂ ಸಲ್ಲೇಖನವೆಂದು ಕರೆದರೆ ಅದೂ ಅತಿವ್ಯಾಪ್ತಿಯೇ. ಅಂಥ ನೋವಿನಲ್ಲಿರುವವರಿಗೆ ಬೇಕಾದದ್ದು ಮನೆಯವರ ಮತ್ತು ವೈದ್ಯರ ಆಸರೆ.

ಮನೆಯಲ್ಲಿ ಬಳಸುವಾಗ

ಮಕ್ಕಳಿಗೆ ಸ್ಯಾತ್ ಪದವನ್ನು 'ಒಂದು ದೃಷ್ಟಿಯಿಂದ ಖಂಡಿತ' ಎಂದು ಹೇಳಿಕೊಡುವುದು ಒಳ್ಳೆಯದು. ಅನೇಕಾಂತವನ್ನು 'ಎಲ್ಲರೂ ಹೇಳುವುದು ಸರಿ' ಎಂದು ಸಡಿಲಿಸಬಾರದು. ಯಾವ ಅಪೇಕ್ಷೆಯಿಂದ ಸರಿ ಎಂದು ಕೇಳದೆ ಒಪ್ಪುವುದು ಅನೇಕಾಂತವಾಗದು. ಅಣ್ಣತಮ್ಮಂದಿರ ಆಸ್ತಿಯ ಮಾತಿನಲ್ಲಿ, ಅತ್ತೆ ಸೊಸೆಯ ಮಾತಿನಲ್ಲಿ ನಿರ್ಧಾರ ತಪ್ಪಿಸಿಕೊಳ್ಳಲು 'ಅನೇಕಾಂತ' ಎಂದು ಜಾರಿಕೊಳ್ಳುವುದೂ, ಆಡಿದ ಸುಳ್ಳಿಗೆ 'ಒಂದು ನಯದಿಂದ ನಿಜ' ಎನ್ನುವುದೂ ಪದಕ್ಕೆ ಮಾಡುವ ಅನ್ಯಾಯ. ಸತ್ಯಾಣುವ್ರತಕ್ಕೆ ನಯದ ವ್ಯಾಪ್ತಿಯಿಂದ ವಿನಾಯಿತಿ ಇಲ್ಲ.

ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಮೂಲಪದವನ್ನೇ ಉಳಿಸಿ ಅರ್ಥ ಹೇಳಿದರೆ ಗೊಂದಲ ಕಡಿಮೆಯಾಗುತ್ತದೆ. ಸ್ವಾಧ್ಯಾಯಕ್ಕೆ ಕುಳಿತಾಗ ಪರಿಚಿತ ಪದ ಕಂಡರೆ ಒಮ್ಮೆ ನಿಂತು ಇದು ಮನೆಯ ಅರ್ಥವೋ ಶಾಸ್ತ್ರದ ಅರ್ಥವೋ ಎಂದು ಕೇಳಿಕೊಳ್ಳಬೇಕು. ಸಂದೇಹ ಉಳಿದರೆ ಬಸದಿಯಲ್ಲಿ ಶಾಸ್ತ್ರ ಓದುವ ಹಿರಿಯರನ್ನು, ವಿಹಾರದಲ್ಲಿ ಬಂದ ತ್ಯಾಗಿಗಳನ್ನು ಕೇಳಿ ತಿಳಿಯಬಹುದು. ನ್ಯಾಯದೀಪಿಕೆಯಂಥ ಚಿಕ್ಕ ಗ್ರಂಥವನ್ನು ವಾರಕ್ಕೆ ಒಂದು ವಿಷಯದಂತೆ ಮನೆಮಂದಿ ಕೂಡಿ ಓದಿದರೆ, ಒಂದು ಚಾತುರ್ಮಾಸ ಮುಗಿಯುವುದರೊಳಗೆ ಇಲ್ಲಿನ ಹೆಚ್ಚಿನ ಪದಗಳು ತಮ್ಮ ಸರಿಯಾದ ಅರ್ಥದಲ್ಲಿ ನಾಲಿಗೆಗೆ ಬರುತ್ತವೆ.